ನೀರು ಮೊದಲು ಮುಟ್ಟುವ ಮನೆ

ದೇವಕಮ್ಮನಿಗೆ ಯಾರ ಮುಂದೆಯೂ ಬಾಯಿಬಿಡಲಾಗದ ಒಂದು ಅಳುಕಿತ್ತು. ಕೆಸರು ತುಳಿಯುವಾಗ ಅವಳಿಗೆ ಹೇಸಿಕೆಯಾಗುತ್ತಿತ್ತು.

ತನ್ನದೇ ಮನೆಯ ಗೋಡೆಗೆ ಬೇಕಾದ ಕೆಸರು. ತಾನೇ ಅಗೆದ ಮಣ್ಣು, ತಾನೇ ಹೊತ್ತ ನೀರು, ತಾನೇ ಬಳಿದು ತಂದ ಸಗಣಿ. ಆದರೂ ಮೊಣಕಾಲವರೆಗೆ ಅದರಲ್ಲಿ ಇಳಿದಾಗ, ನೆನೆದು ಹುಳಿತ ಹೊಟ್ಟು ಬೆರಳ ಸಂದಿಯಲ್ಲಿ ಪಿಚಕ್ಕೆಂದಾಗ, ಹೊಟ್ಟೆಯೊಳಗಿಂದ ಏನೋ ಗಂಟಲಿಗೆ ಬರುತ್ತಿತ್ತು. ಅತ್ತೆ ಕರೆಮ್ಮ ಅದೇ ಕೆಸರಿನಲ್ಲಿ ಕಚ್ಚೆ ಹಾಕಿ ನಿಂತು, ಎಲೆ ಜಗಿಯುತ್ತ, ಹರಟುತ್ತ, ದಣಿವಿಲ್ಲದೆ ತುಳಿಯುತ್ತಿದ್ದಳು. ದೇವಕಮ್ಮ ಶಹಾಪುರದ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ಅಲ್ಲಿ ಅವಳು ಬೆಂಚಿಗೆ ಬಂದು ಕೂತರೆ ಪಕ್ಕದ ಹುಡುಗಿ ತನ್ನ ಲಂಗದ ಅಂಚನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದ್ದಳು. ಈಗ ತನ್ನ ಕಾಲಬೆರಳುಗಳು ಹಾಗೆಯೇ ತಾವಾಗಿ ಮಡಚಿಕೊಳ್ಳುತ್ತಿದ್ದವು. ಅವರ ರೋಗ ತನಗೂ ಅಂಟಿತೇ? ದಿನಾ ಒಂದು ಪುಟ ಬರೆಯುವ ಚಟದವಳು ಇದನ್ನು ಮಾತ್ರ ಬರೆದಿರಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆಂದು ಹೆದರಿದ್ದಳು.

“ಏನವ್ವಾ, ಮುಳ್ಳು ಚುಚ್ಚ್ಯಾದೇನು? ಕೊಕ್ಕರಿ ನಿಂತಂಗ ಒಂಟಿಗಾಲ್ಲೆ ನಿಂತೀಯಲ್ಲ” ಎಂದಳು ಕರೆಮ್ಮ.

“ಇಲ್ರಿ ಅತ್ತಿ.”

“ಏನಂದ್ಳು?” ಗೋಡೆಯ ಮೇಲಿಂದ ಲಾಡ್ಲೇಸಾಬ ಕೂಗಿದ. “ಭಾಬಿ ಮಾತು ಕೇಳಬೇಕಂದ್ರ ಮೊದಲ ಕಿವ್ಯಾಗಿನ ಗುಗ್ಗಿ ತಗೀಬೇಕು ನೋಡ್ರಿ!”

ಎಲ್ಲರೂ ನಕ್ಕರು. ದೇವಕಮ್ಮ ತಲೆ ತಗ್ಗಿಸಿ ಮತ್ತೆ ತುಳಿದಳು.

ಲಾಡ್ಲೇಸಾಬ ಗೋಡೆ ಕಟ್ಟುವ ಗೌಂಡಿ. ದೇವಕಮ್ಮನ ಗಂಡ ದ್ಯಾವಪ್ಪನೂ ಗೌಂಡಿ. ಹೋದ ಬೇಸಿಗೆಯಲ್ಲಿ ಲಾಡ್ಲೇಸಾಬನ ಗೋಡೆಗಳನ್ನು ದ್ಯಾವಪ್ಪ ಕಟ್ಟಿಕೊಟ್ಟಿದ್ದ. ಈಗ ಲಾಡ್ಲೇಸಾಬ ಮುಯ್ಯಾಳಾಗಿ ಬಂದಿದ್ದ. ಕೂಲಿಯ ಮಾತಿಲ್ಲ. ದುಡಿದದ್ದಕ್ಕೆ ದುಡಿತ, ನಡುವೆ ರೊಟ್ಟಿ. ಮಾವ ಚಂದ್ರಾಮಪ್ಪ ಉಳಿ ಹಿಡಿದು ಕಲ್ಲಿನ ಮೂತಿ ಒಡೆಯುತ್ತಿದ್ದ. ದೇವಕಮ್ಮನ ತಾಯಿ ಬಸ್ಸಮ್ಮ ಹತ್ತಿಕುಣಿಯಿಂದ ಒಂದು ಚೀಲ ಜೋಳ ಹೊತ್ತುಕೊಂಡು ಬಂದು, ಚೀಲ ಇಳಿಸಿದ ತಲೆಯ ಮೇಲೆಯೇ ಸಿಂಬಿ ಇಟ್ಟು ಕಲ್ಲು ಹೊರತೊಡಗಿದ್ದಳು. ಕೇರಿಯ ಒಂದೇ ಕೋಣೆಯಲ್ಲಿ, ಸೀರೆಯ ಪರದೆಯ ಈಚೆ ಅತ್ತೆ ಮಾವ, ಆಚೆ ಗಂಡ ಹೆಂಡತಿ ಮಲಗಿ ಎದ್ದು ಸಾಕಾಗಿತ್ತು. ಉಸಿರು ಬಿಟ್ಟರೂ ಇನ್ನೊಬ್ಬರಿಗೆ ಕೇಳುವ ಮನೆಯಲ್ಲಿ ಮದುವೆಯಾದವರು ಎಷ್ಟು ದಿನ ಉಸಿರು ಹಿಡಿಯಬೇಕು?

ಜಾಗ ಚಂದ್ರಾಮಪ್ಪನ ಅಪ್ಪನ ಕಾಲದ್ದು. ಸತ್ತ ದನ ಎಳೆದದ್ದಕ್ಕೆ, ಹಲಗೆ ಬಾರಿಸಿದ್ದಕ್ಕೆ, ಸಾವಿನ ಸುದ್ದಿ ಹೊತ್ತು ಊರೂರು ಓಡಿದ್ದಕ್ಕೆ ಊರು ಕೊಟ್ಟದ್ದು. ಗುಡ್ಡದ ಬುಡದ ಕಲ್ಲು ನೆಲ. ಏನೂ ಬೆಳೆಯುವುದಿಲ್ಲವೆಂದು ಗೊತ್ತಿದ್ದೇ ಕೊಟ್ಟಿದ್ದರು.

“ಕಲ್ಲಿನ ಜಾಗಕ್ಕ ಯಾರು ಬರ್ತಾರ ತಕರಾರಿಗಿ?” ಎಂದು ಚಂದ್ರಾಮಪ್ಪ ಪಾಯ ಅಗೆಯುವ ದಿನ ಹೇಳಿದ್ದ. ಎಲ್ಲರೂ ಹೌದೆಂದಿದ್ದರು. ಅವರು ನೆಲ ನೋಡಿದ್ದರು. ನೀರು ನೋಡಿರಲಿಲ್ಲ.

ಕೆನಾಲ ಬಂದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ದೋರನಹಳ್ಳಿಯ ಆಚೆ ಕವಲೊಡೆದ ಕಾಲುವೆ ಗುಡ್ಡದ ಬುಡ ಹಿಡಿದು, ಈ ಜಾಗದ ಅಂಚಿಗೆ ತಾಗಿಕೊಂಡು, ಊರಿನ ಕಡೆ ಇಳಿದಿತ್ತು. ಕರೆಮ್ಮ ಅದರ ಏರಿಗೆ ಮಣ್ಣು ಹೊತ್ತವಳು. ಆಗ ಅವಳು ಬಸುರಿ. ಬುಟ್ಟಿಯ ಭಾರಕ್ಕೆ ಒಂದು ಮುಂಜಾನೆ ಕೂಸು ಕಳಚಿ ಬಿತ್ತು. ಅದನ್ನು ಏರಿಯ ಹಸಿ ಮಣ್ಣಿನಲ್ಲಿಯೇ ಮುಚ್ಚಿ, ಮಧ್ಯಾಹ್ನ ಮತ್ತೆ ಬುಟ್ಟಿ ಎತ್ತಿದ್ದಳು. ಎತ್ತದಿದ್ದರೆ ಆ ದಿನದ ಕೂಲಿ ಇಲ್ಲ ಎಂದಿದ್ದನಂತೆ ಮೇಸ್ತ್ರಿ.

ನೀರು ಬಿಟ್ಟ ದಿನವೇ ಊರು ನೀರನ್ನು ಹಂಚಿಕೊಂಡಿತು. ಯಾರೂ ಸಾರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನೀರಿಗಿಳಿಯುವ ಮೆಟ್ಟಿಲುಗಳಲ್ಲಿ ಮೇಲಿನ ಪಾವಟಿಗೆ ಗೌಡರ, ಸಾವಕಾರರ ಕುಡಿಯುವ ಕೊಡಗಳಿಗೆ. ಅದರ ಕೆಳಗೆ ಉಳಿದವರು. ಅದರ ಕೆಳಗೆ ಬಟ್ಟೆ ಒಗೆಯುವ ಕಲ್ಲು. ಅದರ ಕೆಳಗೆ ಎಮ್ಮೆ ಇಳಿಸುವ ಜಾಗ. ಎಮ್ಮೆಗಳೂ ಮಿಂದು, ಉಚ್ಚೆ ಹೊಯ್ದು, ಎದ್ದು ಹೋದ ನೀರಿಗೆ ಕೇರಿ. ಮದುವೆಯಾಗಿ ಬಂದ ಮರುದಿನ ದೇವಕಮ್ಮ ಕುಡಿದದ್ದು ಆ ನೀರು. ಸೆರಗಿನಲ್ಲಿ ಸೋಸಿ ಕುಡಿದಿದ್ದಳು. ಸೆರಗಿಗೆ ಎಮ್ಮೆಯ ಕೂದಲು ಅಂಟಿತ್ತು.

ಈಗ ಮನೆ ಏಳುತ್ತಿದ್ದ ಜಾಗ ಆ ಎಲ್ಲ ಪಾವಟಿಗೆಗಳ ಮೇಲೆ ಇತ್ತು. ನೀರು ಮೊದಲು ದೇವಕಮ್ಮನ ಗೋಡೆಯ ಮುಂದೆ ಹಾದು, ಆಮೇಲೆ ಗೌಡರ ಕೊಡಕ್ಕೆ ಹೋಗುತ್ತಿತ್ತು.

ಗೋಡೆ ಸೊಂಟದೆತ್ತರ ಬರುವವರೆಗೆ ಊರು ಸುಮ್ಮನಿತ್ತು. ಒಂದು ದಿನ ಮುಂಜಾನೆ ಕೆಸರಿಗೆ ನೀರು ಸಾಲದೆ ದೇವಕಮ್ಮ ಮನೆಯ ಮುಂದೆಯೇ ಕಾಲುವೆಗೆ ಇಳಿದು ಕೊಡ ಮುಳುಗಿಸಿದಳು. ಕೆಳಗಿನಿಂದ ಒಬ್ಬಳು ಚೀರಿದಳು:

“ಏ! ಯಾರಾಕಿ ಅಕಿ? ಮ್ಯಾಲ ಕೊಡ ಅದ್ದಾಕತ್ಯಾಳ ನೋಡ್ರೆವಾ!”

ಏರಿಯ ಮೇಲೆ ಹೋಗುತ್ತಿದ್ದ ಗೌಡರ ಆಳು ಓಡಿ ಬಂದ. ಅವಳನ್ನು ಮುಟ್ಟಲಿಲ್ಲ. ಕೊಡವನ್ನು ಒದ್ದ. ಅದು ನೀರಿಗೆ ಬಿತ್ತು, ತೇಲಿತು. ಮೇಲಿನ ಪಾವಟಿಗೆಯ ಹೆಂಗಸರು ತಮ್ಮ ಕೊಡಗಳನ್ನು ದಡಬಡ ಎತ್ತಿಕೊಂಡು ಹಿಂದೆ ಸರಿದರು. ಕೊಡ ಹೋಯಿತು. ಎರಡನೆಯ ಪಾವಟಿಗೆಯವರೂ ಸರಿದರು. ಬಟ್ಟೆ ಒಗೆಯುತ್ತಿದ್ದವರೂ ಸರಿದರು. ಯಾರೂ ಕೈಚಾಚಿ ಹಿಡಿಯಲಿಲ್ಲ. ಎಮ್ಮೆಗಳು ಮಾತ್ರ ಸರಿಯಲಿಲ್ಲ. ಅವುಗಳ ನಡುವೆ ಹಾದು ಬಂದ ಕೊಡವನ್ನು ಕೊನೆಗೆ ಕೇರಿಯ ಹತ್ತಿರ ಕರೆಮ್ಮ ಎದೆಮಟ್ಟದ ನೀರಿಗಿಳಿದು ಹಿಡಿದಳು. ಕೊಡ ದಾಟಿದ ಮೇಲೆ ಹೆಂಗಸರು ಮತ್ತೆ ಅದೇ ನೀರಿಗೆ ಕೊಡ ಅದ್ದಿದರು.

ಅವತ್ತಿನಿಂದ, ನೀರಿನ ದಂಡೆಯಲ್ಲಿ ನಿಂತ ಮನೆಗೆ ನೀರು ಎಮ್ಮೆಗಳ ಕೆಳಗಿನಿಂದ ಬರತೊಡಗಿತು. ಇಡೀ ಊರು ಬಳಸಿ, ಏರಿ ಹತ್ತಿ, ಒಂದರ ಮೇಲೊಂದು ಕೊಡ. ದೇವಕಮ್ಮನ ನಡುನೆತ್ತಿಯಲ್ಲಿ ಕೂದಲು ಉದುರಿ ರೊಟ್ಟಿಯಗಲ ಜಾಗ ಬೋಳಾಯಿತು. ಲಾಡ್ಲೇಸಾಬ ತಡೆಯಲಾರದೆ ಒಂದು ದಿನ ತಾನೇ ಮನೆಯ ಮುಂದೆ ಇಳಿದು ತುಂಬಿಕೊಟ್ಟ. ಮರುದಿನ ಅವನ ಹೆಂಡತಿ ಖಾಸಿಂಬೀಯನ್ನು ಎರಡನೆಯ ಪಾವಟಿಗೆಯಿಂದ ಎಬ್ಬಿಸಿ ಕಳಿಸಿದರು. ಆಮೇಲೆ ಅವನು ಕಲ್ಲು ಕಟ್ಟಿದ, ನೀರು ಮುಟ್ಟಲಿಲ್ಲ. ಚೇಷ್ಟೆಯ ಮಾತನ್ನೂ ಕಡಿಮೆ ಮಾಡಿದ.

ಗೋಡೆ ಎದೆಮಟ್ಟ ಬಂದಿತ್ತು. ಹೊತ್ತು ಮೂಡುವ ಮೊದಲೇ ದೇವಕಮ್ಮ ಒಬ್ಬಳೇ ಬಂದು ಮಣ್ಣು ನೆನೆಹಾಕುತ್ತಿದ್ದಳು. ಹಾಗೆ ಬಂದ ಒಂದು ದಿನ ಬಾಗಿಲಿಗೆಂದು ಬಿಟ್ಟ ಸಂದಿಯಲ್ಲಿ ನಿಂತು ಬೆನ್ನು ನೆಟ್ಟಗೆ ಮಾಡಿಕೊಳ್ಳುವಾಗ ಏರಿಯ ಮೇಲೆ ಊರ ಗೌಡ ಸಂಗಣಗೌಡ ಬರುವುದು ಕಂಡಿತು. ಕೈಯಲ್ಲಿ ತಂಬಿಗೆ ಇರಲಿಲ್ಲ. ಪಾವಟಿಗೆಗಳನ್ನೆಲ್ಲ ದಾಟಿ, ಅವಳ ಮನೆಯನ್ನೂ ದಾಟಿ ನಾಲ್ಕು ಮಾರು ಮೇಲೆ ಹೋಗಿ ಜಾಲಿಯ ಮರೆಗೆ ಧೋತರ ಎತ್ತಿ ಕೂತ. ದೇವಕಮ್ಮ ಗಕ್ಕನೆ ಗೋಡೆಯ ಹಿಂದೆ ಕುಸಿದಳು. ತಪ್ಪು ಮಾಡಿದವಳು ತಾನೇ ಎಂಬಂತೆ. ಸ್ವಲ್ಪ ಹೊತ್ತಿಗೆ ನೀರಿನ ಚಿಳಚಿಳ ಸದ್ದಾಯಿತು. ಅವನು ಕಾಲುವೆಗೆ ಇಳಿದು ತೊಳೆದುಕೊಳ್ಳುತ್ತಿದ್ದ. ಕ್ಯಾಕರಿಸಿ ಉಗುಳಿದ. ಎದ್ದು ಹೋದ.

ಮರುದಿನವೂ ಬಂದ. ಅವನ ಹಿಂದೆ ಸಾವಕಾರ ಬಂದ. ಊರಿನ ದೊಡ್ಡವರಿಗೆಲ್ಲ ಅದೇ ಜಾಗ. ಎಲ್ಲರ ಮೇಲೆ, ಯಾರ ಕಣ್ಣಿಗೂ ಬೀಳದ ಕಡೆ. ಅಷ್ಟು ಹೊತ್ತಿಗೆ ಕೆಳಗೆ, ಮೊದಲ ಪಾವಟಿಗೆಯಲ್ಲಿ, ಗೌಡರ ಸೊಸೆ ಹಿತ್ತಾಳೆಯ ಕೊಡವನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ನೀರಿನ ಮೇಲಿನ ಕಸ ಅಂಗೈಯಿಂದ ಸರಿಸಿ, ಮುಳುಗಿಸುತ್ತಿದ್ದಳು.

ದೇವಕಮ್ಮ ಯಾರಿಗೂ ಹೇಳಲಿಲ್ಲ. ಮಾವನ ಎದುರು ಆ ಶಬ್ದ ಹೇಗೆ ಆಡುವುದು? ಗಂಡನಿಗೆ ಹೇಳಹೋದರೆ ನಾಲಗೆ ಏಳಲಿಲ್ಲ. ಅವಳಿಗೆ ಒಂದು ಮಾತ್ರ ತಿಳಿದಿತ್ತು. ಬಾಗಿಲು ಕಾಲುವೆಯ ಕಡೆ. ಮನೆಗೆ ಬೇರೆ ದಾರಿಯಿಲ್ಲ, ಬೆನ್ನಿಗೆ ಗುಡ್ಡ. ನಾಳೆ ಬಾಗಿಲು ತೆಗೆದರೆ ಎದುರಿಗೆ ಅದೇ ಜಾಲಿ.

ಬೇವಿನ ಚೌಕಟ್ಟು ಕೂಡಿಸಿದ ದಿನ ಬಸ್ಸಮ್ಮ ಅದಕ್ಕೆ ಅರಿಶಿನ ಬಳಿದು, ಮಾವಿನ ತಪ್ಪಲು ಕಟ್ಟಿದಳು. ಕರೆಮ್ಮ ಬೆಲ್ಲ ಹಂಚಿದಳು. ದ್ಯಾವಪ್ಪ ಚೌಕಟ್ಟಿನಲ್ಲಿ ನಿಂತು, ಆಚೆ ಹೋಗಿ, ಈಚೆ ಬಂದು, ಮತ್ತೆ ಆಚೆ ಹೋಗಿ ಎಲ್ಲರನ್ನೂ ನಗಿಸಿದ.

“ಬಗ್ಗಲಾರ್ದಽ ಹೋಗಾಕ ಬರ್ತದಲ್ಲಬೆ!” ಎಂದ ತಾಯಿಗೆ. ಕೇರಿಯ ಬಾಗಿಲುಗಳಲ್ಲಿ ಅವನ ಎತ್ತರದ ಗಂಡಸು ಎಂದೂ ನೆಟ್ಟಗೆ ಹಾದವನಲ್ಲ.

ಮರುದಿನ ಮುಂಜಾನೆ ದೇವಕಮ್ಮ ಕೆಸರಿನ ಗುಂಡಿಗೆ ಇಳಿದಳು. ಬೆರಳ ಸಂದಿಯಲ್ಲಿ ಪಿಚಕ್ಕೆಂದದ್ದು ಹೊಟ್ಟು ಆಗಿರಲಿಲ್ಲ. ನಾತ ಮೂಗಿಗೆ ಬಡಿಯಿತು. ಬಗ್ಗಿ ನೋಡಿದಳು. ಗುಂಡಿಯ ತುಂಬ ಮನುಷ್ಯರ ಹೇಲು. ಒಬ್ಬರದಲ್ಲ. ಊರು ಸಾಲಾಗಿ ಬಂದು, ಅಂಚಿನ ಮೇಲೆ ಕೂತು, ದೇವಕಮ್ಮನ ಮನೆಯವರು ಗೋಡೆಗೆಂದು ನೆನೆಹಾಕಿದ ಮಣ್ಣಿನಲ್ಲಿ ಹೇತು ಹೋಗಿತ್ತು. ಕೆಲವರು ಕೋಲಿನಿಂದ ಕಲಸಿಯೂ ಇದ್ದರು.

ಅವಳು ತೆವಳಿ ಮೇಲೆ ಬಂದು ವಾಂತಿ ಮಾಡಿದಳು. ನಿನ್ನೆಯ ಬೆಲ್ಲ ಬಂತು. ಆಮೇಲೆ ಬರೀ ಹಳದಿ ನೀರು ಬಂತು.

ಬಸ್ಸಮ್ಮ ಓಡಿ ಬಂದು ಮಗಳ ಹಣೆ ಹಿಡಿದಳು. “ನಡಿ ಮಗಳ, ಹತ್ತಿಕುಣಿಗಿ ಹೋಗೂಣು. ಹೇಲಿನ ಮನ್ಯಾಗ ಇರಾಕ ನಿನ್ನ ಓದಿಸಿಲ್ಲ ನಾ.”

ಕರೆಮ್ಮ ಗುಂಡಿಯ ಅಂಚಿನಲ್ಲಿ ನಿಂತು ನೋಡಿದಳು. ಎಲೆಯ ಉಗುಳು ಉಗುಳಿದಳು. “ಹೇಲು ಎತ್ತೂದು ನಮಗೇನು ಹೊಸಾದಾ? ಸಲಿಕಿ ತಗೊಂಡ್ ಬಾ ದ್ಯಾವಾ. ಮ್ಯಾಲಿಂದು ತಗದು ಚೆಲ್ಲು. ಕೆಳಗಿನ ಮಣ್ಣಿಗೇನಾಗ್ಯಾದ? ಎಷ್ಟು ಕೊಡ ಹೊತ್ತು ನೆನಿಸಿದ ಮಣ್ಣದು.”

“ಬ್ಯಾಡ ಅವ್ವ” ಎಂದ ದ್ಯಾವಪ್ಪ. “ಎಲ್ಲಾ ಚೆಲ್ಲತೀನಿ.”

“ಚೆಲ್ಲಿದ್ರ ನೀರು ನಿಮ್ಮಪ್ಪ ತರ್ತಾನೇನು?”

ಮಾವ ಚಂದ್ರಾಮಪ್ಪ ಕಲ್ಲಿನ ಮೇಲೆ ಕೂತಿದ್ದ. ದ್ಯಾವಪ್ಪ ಗುಂಡಿಗಿಳಿದು ಸಲಿಕೆಯಿಂದ ಎತ್ತೆತ್ತಿ ಎಸೆದ. ಅವನ ಬೆನ್ನ ಮೇಲೆ ಸಿಡಿಯಿತು. ಒರೆಸಿಕೊಳ್ಳಲಿಲ್ಲ. ದೇವಕಮ್ಮ ಅವನ ಬೆನ್ನನ್ನೇ ನೋಡುತ್ತ ಕೂತಳು. ಕೆಸರು ತುಳಿಯುವಾಗ ಬೆರಳು ಮಡಚಿಕೊಳ್ಳುತ್ತಿದ್ದ ಆ ಹೇಸಿಕೆ ಎಷ್ಟು ಸಣ್ಣದಾಗಿತ್ತು! ಈಗ ಬಂದದ್ದು ಬೇರೆ. ಇದು ಅಂಗಾಲಿನಿಂದ ಏರಿ ಹಲ್ಲಿನ ಸಂದಿಯಲ್ಲಿ ನಿಂತಿತ್ತು. ಕಾಲುವೆ ಹತ್ತು ಹೆಜ್ಜೆ ದೂರದಲ್ಲಿ ತುಂಬಿ ಹರಿಯುತ್ತಿತ್ತು. ಕಾಲು ತೊಳೆಯಲು ಅವಳಿಗೆ ಅಲ್ಲಿಗೆ ಇಳಿಯುವಂತಿರಲಿಲ್ಲ. ಮಣ್ಣು ಉಜ್ಜಿ ಒರೆಸಿಕೊಂಡಳು. ನಾತ ಹೋಗಲಿಲ್ಲ.

ಲಾಡ್ಲೇಸಾಬ ಬಂದು ನೋಡಿ, “ಯಾ ಅಲ್ಲಾ” ಎಂದವನು ಅಂಗಿ ಕಳಚಿ ಇನ್ನೊಂದು ಸಲಿಕೆ ಹಿಡಿದ.

ಬಿಸಿಲು ಬಂದಾಗ, ಹೊಸ ಮಣ್ಣು ಕಲಸಿ ಮೊದಲ ಬುಟ್ಟಿ ತುಂಬುವಾಗ ಸಂಗಣಗೌಡ ಬಂದ. ಜೊತೆಗೆ ಸಾವಕಾರ, ಆಳು, ಮತ್ತಿಬ್ಬರು. ನೀರು ತುಂಬಿಕೊಂಡು ಹೋಗುತ್ತಿದ್ದ ಹೆಂಗಸರು ಏರಿಯ ಮೇಲೆ ಕೊಡ ಸಮೇತ ನಿಂತರು. ಗೌಡರ ಸೊಸೆಯೂ ನಿಂತಳು.

“ಏನೋ ಚಂದ್ರಾಮ, ಮನಿ ಭಾಳ ಎದ್ದದಲ್ಲ.” ಗೌಡ ವಯಸ್ಸಿನಲ್ಲಿ ಚಂದ್ರಾಮಪ್ಪನ ಮಗನಂತಿದ್ದ. ಮೂಗಿಗೆ ಟವೆಲ್ ಹಿಡಿದುಕೊಂಡ. “ಏನಿದು, ಇಷ್ಟು ಹೊಲಸು ನಾತ?”

ಆಳು ಬಾಯಿ ಮುಚ್ಚಿಕೊಂಡು ನಕ್ಕ.

“ನೋಡು, ನಾ ಜಾತಿ ಗೀತಿ ಮಾತಾಡಂಗಿಲ್ಲ. ಜಾತಿ ಅಂದ್ರ ನೀವು ಶಹಾಪುರಕ್ಕ ಹೋಗಿ ಕೇಸ್ ಹಾಕ್ತೀರಿ. ನಂದು ಸ್ವಚ್ಛತಾದ ಮಾತು. ನೀವು ಮ್ಯಾಲ ಮನಿ ಮಾಡಿದ್ರಿ. ನಿಮ್ಮ ಜಳಕ, ನಿಮ್ಮ ಅರಬಿ ಒಗಿಯೂದು, ನಿಮ್ಮ ಹೆಂಗಸರ ಹೊಲಸು, ಎಲ್ಲಾ ನಮ್ಮ ಕೊಡಕ್ಕ ಬರ್ತದ. ಕುಡಿಯೋ ನೀರದು. ಹೌದಿಲ್ಲೊ?”

“ಹೌದ್ರಿ ಗೌಡ್ರ” ಎಂದ ಚಂದ್ರಾಮಪ್ಪ.

“ಮನಿ ಕೆಡವು ಅನ್ನಂಗಿಲ್ಲ. ನಾ ಅಷ್ಟು ಕೆಟ್ಟವ ಅಲ್ಲ. ಈ ಬಾಗಿಲ ಮುಚ್ಚಿ ಗುಡ್ಡದ ಕಡಿ ತಗೀರಿ. ಈ ಕಡಿ ಒಂದು ಕಿಂಡಿನೂ ಇರಬಾರ್ದು. ನೀರಿಗಿ ಮೊದಲಿನಂಗ ಎಮ್ಮಿ ಕೆಳಗ ಹೋಗ್ರಿ. ಆತು, ಮುಗೀತು.”

“ಗುಡ್ಡದ ಕಡಿ ಬಂಡಿಗಲ್ಲು ಅದ್ರಿ” ಎಂದ ದ್ಯಾವಪ್ಪ. ಸಲಿಕೆ ಇನ್ನೂ ಅವನ ಕೈಯಲ್ಲಿತ್ತು. “ಬಾಗಿಲ ತಗದ್ರ ಬಂಡಿಗೇ ಬಡೀತದ. ಮನುಷ್ಯಾ ದಾಟಂಗಿಲ್ಲ.”

“ತೆವಳ್ರಿ. ನಿಮ್ಮಪ್ಪ ನಮ್ಮ ಹಿತ್ತಲ ಕಿಂಡಿಗಿ ಬಗ್ಗಿ ಬಗ್ಗಿ ರೊಟ್ಟಿ ಇಸ್ಕೊಂಡು ನಿನ್ನ ಬೆಳೆಸ್ಯಾನ. ನಿನಗ ಬಗ್ಗೂದು ಕಲಿಸಿಲ್ಲೇನು?”

ಏರಿಯ ಮೇಲೆ ಯಾರೋ ನಕ್ಕರು. ದ್ಯಾವಪ್ಪನ ಕೊರಳ ನರ ಉಬ್ಬಿತು. ಲಾಡ್ಲೇಸಾಬ ಗೋಡೆಯಿಂದ ಒಂದು ಹೆಜ್ಜೆ ಇಳಿದ. “ಗೌಡ್ರ, ಗೋಡಿ ಕುತ್ತಿಗಿಮಟ ಬಂದದ್ರಿ, ಈಗ ತಿರಗಸೂದು ಅಂದ್ರ…”

“ಸಾಬ, ನಿನ್ನ ಹೆಂಡ್ತಿ ಎಲ್ಲಿ ನೀರು ತುಂಬ್ತಾಳ, ನೆನಪಿಟಗೊ.”

ಲಾಡ್ಲೇಸಾಬ ಮತ್ತೆ ಗೋಡೆ ಹತ್ತಿದ.

“ಈ ಏರಿಗಿ ಮಣ್ಣು ಹೊತ್ತಾಕಿ ನಾನ್ರಿ ಎಪ್ಪಾ” ಎಂದಳು ಕರೆಮ್ಮ. ಅವಳ ದನಿ ಎಂದಿನಂತಿರಲಿಲ್ಲ. “ನನ್ನ ಕೂಸು ಈ ಏರ್ಯಾಗ ಅದ.”

“ಕೂಲಿ ಕೊಟ್ಟಾರಲ್ಲ ನಿನಗ? ಪುಕ್ಕಟ ಹೊತ್ತೀಯೇನು?” ಗೌಡ ಆಳಿನ ಕಡೆ ತಿರುಗಿದ. ಆಳು ಮುಂದೆ ಬಂದು ಅರಿಶಿನದ ಚೌಕಟ್ಟಿಗೆ ಕಾಲು ಹಚ್ಚಿ ಜಗ್ಗಿಸಿ ನೋಡಿದ. ತಪ್ಪಲು ಉದುರಿತು. “ಚೌಕಟ್ಟು ಬೇಕಾದ್ರ ಆಮ್ಯಾಲ ಕಿತ್ತುಕೊಳ್ರಿ. ಈಗ ನಡುವ ಕಲ್ಲು ತುಂಬ್ರಿ. ನನ್ನ ಕಣ್ಣ ಮುಂದ ಆಗಲಿ, ನಾ ನೋಡಿ ಹೋಗ್ತೀನಿ” ಎಂದ ಗೌಡ.

ಚಂದ್ರಾಮಪ್ಪ ಎದ್ದ. “ಆತ್ರಿ ಗೌಡ್ರ” ಎಂದ. ತಾನೇ ಮೂತಿ ಒಡೆದ ಕಲ್ಲನ್ನು ಎರಡೂ ಕೈಯಿಂದ ತಬ್ಬಿ ಎತ್ತಿದ. ಹೊಸ್ತಿಲ ಮೇಲೆ ತಂದು ಇಟ್ಟ. ಮಗ ಸಲಿಕೆಗೆ ಹಣೆಯೂರಿ ನಿಂತಿದ್ದ. ಚಂದ್ರಾಮಪ್ಪ ಸೊಸೆಯ ಕಡೆ ಕೈಚಾಚಿದ, ಅವಳ ಮುಖ ನೋಡದೆ.

“ಕೆಸರು ಕೊಡವ್ವ.”

ಬುಟ್ಟಿ ದೇವಕಮ್ಮನ ಸೊಂಟದಲ್ಲಿತ್ತು. ಮಾವನ ಅಂಗೈ ಅವಳ ಎದುರಿಗಿತ್ತು. ಬಿರುಕಿನ ತುಂಬ ಕಲ್ಲಿನ ಪುಡಿ. ಆ ಕೈಗೆ ಕೆಸರು ಹಾಕಿದರೆ ಮುಗಿಯಿತು. ಕಲ್ಲು ಕೂರುತ್ತದೆ. ಅದರ ಮೇಲೆ ಇನ್ನೊಂದು ಕೂರುತ್ತದೆ. ಅವಳ ಗಂಡ ಬಂಡೆಯ ಸಂದಿಯಲ್ಲಿ ತೆವಳಿ ತನ್ನ ಮನೆಗೆ ಹೋಗುತ್ತಾನೆ. ನಾಳೆ ಹುಟ್ಟುವ ಕೂಸೂ ತೆವಳುತ್ತದೆ.

ಅವಳು ಬುಟ್ಟಿಯನ್ನು ನೆಲಕ್ಕಿಟ್ಟಳು.

“ಕೊಡವ್ವ” ಎಂದ ಚಂದ್ರಾಮಪ್ಪ ಮತ್ತೆ.

“ಕೊಡಂಗಿಲ್ರಿ ಮಾವ.”

“ಏನಂತದ ಆ ಹುಡುಗಿ?” ಗೌಡ ಟವೆಲ್ ಇಳಿಸಿದ.

ದೇವಕಮ್ಮ ಹೊಸ್ತಿಲ ಮೇಲಿನ ಕಲ್ಲನ್ನು ಕಾಲಿನಿಂದ ದೂಡಿದಳು. ಅದು ಉರುಳಿ ಹೊರಗೆ ಬಿತ್ತು. ಚೌಕಟ್ಟಿನಲ್ಲಿ ನಿಂತು ಏನೋ ಅಂದಳು. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ.

“ಜೋರ ಅನ್ನು! ಬಿ.ಎ. ಕಲ್ತಾಕಿ ಅಂತಲ್ಲ ನೀ” ಎಂದ ಗೌಡ, ತನ್ನವರ ಕಡೆ ಕಣ್ಣು ಹೊಡೆದು. “ಏರಿ ಮ್ಯಾಲಿನ ಮಂದಿಗೂ ಕೇಳ್ಲಿ.”

ಅವಳು ಏರಿಯ ಕಡೆ ನೋಡಿದಳು. ಬೆಳಗಿದ ಹಿತ್ತಾಳೆಯ ಕೊಡ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಗೌಡರ ಸೊಸೆ ಅದನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು. ದೇವಕಮ್ಮನ ಗಂಟಲಿನಿಂದ ಬಂದ ದನಿ ಅವಳ ಮನೆಯವರು ಯಾರೂ ಅಲ್ಲಿಯವರೆಗೆ ಕೇಳಿರದ ದನಿ.

“ಗೌಡ್ರ, ದಿನಾ ಮುಂಜಾನಿ ನೀವು ಆ ಜಾಲಿ ಮರಿಗಿ ಹೇಲಾಕ ಕುಂದರತೀರಿ. ಇಲ್ಲೇ ಇಳದು ಕುಂಡಿ ತೊಳಕೋತೀರಿ. ನಿಮ್ಮ ಸೊಸಿ ಕೊಡದಾಗ ಇರೋದು ಆ ನೀರು. ಈ ಬಾಗಿಲದಾಗ ನಿಂತು ನಾ ಕಣ್ಣಾರೆ ನೋಡೀನಿ.”